ಮಳೆಗಾಲದ ಎಡಗೈ

ಯಾರದೋ ಛತ್ರಿಯ ತುದಿಯಿಂದ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿದೆ, ತಣ್ಣಗೆ, ಹೆಬ್ಬೆರಳ ಸಂದಿಗೇ ಗುರಿಯಿಟ್ಟ ಹಾಗೆ, ಕಾಲು ಸರಿಸೋಣವೆಂದರೆ ಜಾಗವಿಲ್ಲ, ಮಂಡಿಗಳ ನಡುವೆ ಬೇಸ್ ಗಿಟಾರಿನ ಚೀಲ ನಿಂತಿದೆ, ಆಂಟಿ ಸ್ವಲ್ಪ ಆ ಬ್ಯಾಗ್ ಒಳಗೆ ಎಳ್ಕೊಳ್ಳಿ ಅಂದಳು ಒಬ್ಬ ಕಾಲೇಜು ಹುಡುಗಿ, ಎಳೆದುಕೊಂಡೆ, ಬಸ್ಸು ವಿಜಯನಗರ ಬಿಟ್ಟು ಇನ್ನೂ ಮಾಗಡಿ ರೋಡಿನ ಸಿಗ್ನಲ್ಲಿನಲ್ಲೇ ಇದೆ, ಇರಲಿ, ರಾಜಾಜಿನಗರ ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು — ಅಲ್ಲಿ ಪ್ರಾಕ್ಟೀಸ್ ರೂಮಿನಲ್ಲಿ ಆತ್ರೇಯ ಕಾಯುತ್ತಿರುತ್ತಾನೆ, ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್, ರೂಮೂ ಅವನದೇ, ಅವನಿಗೆ ಇವತ್ತು ಹೇಳಲೇಬೇಕು, ವಾಕ್ಯ ಸಿದ್ಧವಿದೆ, ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಗಾಜು ಒರೆಸುತ್ತ ಕಟ್ಟಿಕೊಂಡ ವಾಕ್ಯ, ಆತ್ರೇಯ, ಗಣೇಶನ ಪ್ರೋಗ್ರಾಮಿಗೆ ಬೇರೆ ಯಾರನ್ನಾದ್ರೂ ನೋಡ್ಕೊ, ನನ್ನ ಕೈಲಿ ಆಗ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ — ಜನ ಎಷ್ಟು ಸುಲಭವಾಗಿ ಆಡುವ ಮಾತು, ಸೋಫಾ ಎತ್ತಲಾಗದಿದ್ದರೆ, ಲೆಕ್ಕ ಬಾರದಿದ್ದರೆ, ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜ, ಎಡಗೈ, ಅದರಲ್ಲೂ ಉಂಗುರದ ಬೆರಳು, ಕಿರುಬೆರಳು. ಆಷಾಢದ ಗಾಳಿಯ ಜೊತೆಗೇ ಶುರುವಾದದ್ದು, ತಂತಿಯನ್ನು ಅದುಮಿದರೆ ಸ್ವರ ಹುಟ್ಟುವ ಬದಲು ಒಂದು ಮಂಕು ಗುದ್ದು, ಇನ್ನಷ್ಟು ಅದುಮಿದರೆ ಶ್ರುತಿ ಮೇಲಕ್ಕೆ ಜಾರುತ್ತದೆ, ಎರಡು ಹಾಡು ಮುಗಿಯುವಷ್ಟರಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸೀಸ ತುಂಬಿದ ಹಾಗೆ ಭಾರ, ಬೆರಳು ಹೋಗಬೇಕಾದ ಕಡೆ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ. ಚಳಿಗೆ ಇರಬಹುದು ಅಂದುಕೊಂಡೆ. ದಣಿವು ಅಂದುಕೊಂಡೆ. ಅವ್ವನ ಕೈ ಕೈಕೊಟ್ಟಾಗಲೂ ನಾವು ದಣಿವು ಅಂತಲೇ ಅಂದದ್ದು.

ಅವ್ವ, ಕಸ್ತೂರೆವ್ವ, ಗದಗಿನಲ್ಲಿದ್ದಾಗ ಇಡೀ ಓಣಿಯ ಕುಪ್ಪಸ ಹೊಲಿದವಳು, ಹುಕ್ಕು ಹಚ್ಚುವಾಗ ಮೊದಲು ತಪ್ಪಿದ್ದು ಅವಳ ಎಡಗೈ, ಬಟ್ಟೆಯನ್ನು ಹಿಡಿದಲ್ಲಿ ಹಿಡಿಯಲಾರದೆ, ಏಳವ್ವಾ ಒಂದೀಟು ಮಲಕೋ ಅಂತ ನಾನೇ ಎಬ್ಬಿಸಿ ಕಳಿಸುತ್ತಿದ್ದೆ, ಆಮೇಲೆ ನಡುಕ ಬಂತು, ಪಾರ್ಕಿನ್ಸನ್ ಅಂದರು ಡಾಕ್ಟರು, ಅವಳನ್ನು ಕರೆತಂದು ಕೆಂಗೇರಿ ಉಪನಗರದಲ್ಲಿ ನನ್ನ ಜೊತೆ ಇಟ್ಟುಕೊಂಡೆ. ಈಗ ಬಚ್ಚಲ ಬಾಗಿಲು ಹಾಕಿಕೊಂಡು ನೀರು ತುಂಬಿದ ಲೋಟವನ್ನು ಎಡಗೈಯಲ್ಲಿ ಮುಂದಕ್ಕೆ ಚಾಚಿ ನಿಲ್ಲುತ್ತೇನೆ, ನೀರು ಅಲುಗುತ್ತದೆ, ಯಾರು ಹಿಡಿದರೂ ಅಲುಗುತ್ತದೆ ಅಂತ ಗೊತ್ತು, ಆದರೂ ನೋಡುತ್ತೇನೆ, ಅಂಗಡಿಯಲ್ಲಿ ಇಡೀ ದಿನ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕನ್ನಡಕದ ಕೀಲಿಗೆ ಇಳಿಸುವುದು ಇದೇ ಕೈ, ಒಂದೂ ಬಿದ್ದಿಲ್ಲ, ಅದನ್ನು ಮನಸ್ಸು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಭಯಕ್ಕೆ ತನಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ. ಈ ಬೇಸ್ ಕೊಂಡದ್ದು ಯುಗಾದಿಯ ಬಿಸಿಲಲ್ಲಿ, ನನ್ನದು ಅಂತ ಮೊದಲ ಬಾರಿಗೆ, ಅಲ್ಲಿಯವರೆಗೆ ನುಡಿಸುತ್ತಿದ್ದದ್ದು ಆರ್ಕೆಸ್ಟ್ರಾದ ಹಳೇ ವಾದ್ಯ, ಅದರ ಯೋಗಕ್ಷೇಮ ಬೇರೆಯವರು ನೋಡಿಕೊಳ್ಳುತ್ತಿದ್ದರು. ಆ ಸೆಖೆಯಲ್ಲಿ ಬೆರಳೂರುವ ಕತ್ತಿನ ಮರ ಒಣಗಿ ಕುಗ್ಗಿ, ಅದರ ಅಡ್ಡಪಟ್ಟಿಗಳ ಲೋಹದ ತುದಿಗಳು ಹೊರಗೆ ಇಣುಕಿ, ಮೀನಿನ ಮುಳ್ಳಿನ ಹಾಗೆ ಅಂಗೈಗೆ ಚುಚ್ಚುತ್ತಿದ್ದವು, ತಂತಿಗಳೋ ಬೆರಳಿಟ್ಟರೆ ಸಾಕು ಮಾತಾಡುತ್ತಿದ್ದವು, ಚುಚ್ಚಿದರೂ ಎಂಥ ಸುಖ. ಮಳೆ ಬಂದ ಮೇಲೆ ಚುಚ್ಚುವುದು ನಿಂತಿತು, ಸದ್ಯ ಅಂದುಕೊಂಡೆ, ಅಲ್ಲಿಗೇ ಯೋಚನೆ ನಿಲ್ಲಿಸಿದೆ, ಕನ್ನಡಕದ ಡಬ್ಬಿಗಳ ಜೊತೆ ಬರುವ ತೇವ ಹೀರುವ ಪೊಟ್ಟಣಗಳನ್ನು ಚೀಲದೊಳಗೆ ಹಾಕಿಟ್ಟೆ, ನುಡಿಸಿದ ಮೇಲೆ ತಂತಿಗಳನ್ನು ಒರೆಸಿಟ್ಟೆ, ತುಕ್ಕು ಹಿಡಿಯದಿದ್ದರೆ ಸಾಕು, ಮಿಕ್ಕದ್ದು ಏನಾದರೂ ನನ್ನದೇ ತಪ್ಪು, ನನ್ನದೇ ನರ, ನನ್ನದೇ ರಕ್ತ.

ರೂಮಿನಲ್ಲಿ ಒದ್ದೆ ಕಾರ್ಪೆಟ್ಟಿನ ವಾಸನೆ, ಮೇಲೆ ಶೀಟಿನ ಮೇಲೆ ಮಳೆ ಒಂದೇ ಸಮನೆ, ಬಾರಕ್ಕ ಬಾ, ನಿನಗೇ ಕಾಯ್ತಾ ಇದೀವಿ ಅಂತ ಆತ್ರೇಯ, ಬಿಂದುಶ್ರೀ ಮೈಕಿನ ಮುಂದೆ ಕೂದಲು ಒರೆಸಿಕೊಳ್ಳುತ್ತ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ, ಹಾಡುವವಳಿಗೂ ಈ ಥಂಡಿ ಶತ್ರುವೇ, ಆತ್ರೇಯ ಒಂದು ನಿಮಿಷ, ಒಂದು ಮಾತು ಹೇಳ್ಬೇಕಿತ್ತು ಅಂದೆ, ಆಮೇಲೆ ಹೇಳಕ್ಕ, ಮೊದಲು ಒಂದು ಹಾಡು ನೋಡ್ಬಿಡೋಣ ಅಂದ, ಚೀಲ ಬಿಚ್ಚಿ ನನ್ನ ಬೇಸ್ ಹೊರತೆಗೆದೆ. ಕೇಬಲ್ ಚುಚ್ಚಿದರೆ ಸ್ಪೀಕರಿನಿಂದ ಕರಕರ ಸದ್ದು, ಎಣ್ಣೆಗೆ ನೀರು ಬಿದ್ದ ಹಾಗೆ, ತೇವ ಕಣಕ್ಕ, ಜಾಕ್ ಕ್ಲೀನ್ ಮಾಡ್ಬೇಕು, ಸದ್ಯಕ್ಕೆ ಅದನ್ನ ತಗೋ ಅಂತ ಮೂಲೆ ತೋರಿಸಿದ, ಅಲ್ಲಿ ಇನ್ನೊಂದು ಬೇಸ್, ಹನುಮೇಶನದಂತೆ, ಬೇರೆ ತಂಡದವನು, ಬೈಕಿನಲ್ಲಿ ನೆನೆಸುವುದು ಬೇಡ ಅಂತ ಬಿಟ್ಟು ಹೋಗಿದ್ದಾನಂತೆ, ಕೇಳಿದ್ರೆ ನಾನು ಹೇಳ್ತೀನಿ, ನುಡಿಸಕ್ಕ. ಬೇರೆಯವರ ವಾದ್ಯ, ಹೆಗಲಪಟ್ಟಿ ನನಗೆ ಉದ್ದ, ಹಾಕಿಕೊಂಡೆ, ಆತ್ರೇಯ ಕೋಲು ತಟ್ಟಿ ಶುರು ಮಾಡಿದ, ಮೊದಲ ಸ್ವರಕ್ಕೆ ನಾನು ಅಭ್ಯಾಸದಂತೆ ಜೀವ ಬಿಟ್ಟು ಅದುಮಿದೆ — ಬೇಕಿರಲಿಲ್ಲ. ಬೆರಳು ತಾಕುವುದರೊಳಗೆ ಸ್ವರ ಬಂದು ನಿಂತಿತ್ತು, ದುಂಡಗೆ, ಎದೆಯೊಳಗೆ ಕುರ್ಚಿ ಹಾಕಿ ಕೂತ ಹಾಗೆ, ಉಂಗುರದ ಬೆರಳು ಹೋಯಿತು, ಕಿರುಬೆರಳು ಹೋಯಿತು, ಚರಣದ ಕೊನೆಯ ಆ ಸ್ವರಗಳ ಓಟ, ಒಂದೂವರೆ ತಿಂಗಳಿನಿಂದ ನಾನು ಕಳ್ಳತನದಲ್ಲಿ ಅರ್ಧ ಬಿಟ್ಟು ಮುಗಿಸುತ್ತಿದ್ದ ಓಟ, ಪೂರ್ತಿ ಬಂತು, ಬಿಂದುಶ್ರೀ ಹಾಡುತ್ತಲೇ ತಿರುಗಿ ನೋಡಿದಳು. ನಂಬಲಿಲ್ಲ ನಾನು. ಹಾಡು ಮುಗಿದದ್ದೇ ನನ್ನ ಬೇಸ್ ಎತ್ತಿಕೊಂಡು, ಕೇಬಲ್ಲೇ ಇಲ್ಲದೆ, ಅದೇ ಓಟ ನುಡಿಸಿದೆ — ಗುದ್ದು, ಭಾರ, ಕಿರುಬೆರಳು ದಾರಿಯಲ್ಲೇ ಸೋತಿತು. ಮತ್ತೆ ಹನುಮೇಶನದು, ಬಂತು. ಮತ್ತೆ ನನ್ನದು, ಇಲ್ಲ. ಒಂದೇ ಕೈ. ಏನ್ ಮಾಡ್ತಿದೀಯಕ್ಕ ಅಂತ ಆತ್ರೇಯ ಕೇಳುತ್ತಿದ್ದಾನೆ, ನನ್ನ ಬೇಸನ್ನು ಎತ್ತಿ, ಅದರ ತುದಿಯನ್ನು ಕಣ್ಣಿಗೆ ಹಿಡಿದು, ಉದ್ದಕ್ಕೂ ನೋಡಿದೆ, ಅಂಗಡಿಯಲ್ಲಿ ಕನ್ನಡಕದ ಕಡ್ಡಿ ನೆಟ್ಟಗಿದೆಯೋ ಇಲ್ಲವೋ ಅಂತ ದಿನಾ ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ. ಬಾಗಿತ್ತು. ಉದ್ದನೆಯ ಕತ್ತು ದೋಣಿಯ ಹಾಗೆ ನಡುವೆ ತಗ್ಗಾಗಿ, ತಂತಿಗಳು ಅದರ ಮೇಲೆ ಬೆರಳಿಗೆ ಬಗ್ಗದಷ್ಟು ಎತ್ತರದಲ್ಲಿ. ಮಳೆಗಾಲದ ತೇವ ಕುಡಿದು ಮರ ಉಬ್ಬಿ, ತಂತಿಗಳ ಎಳೆತಕ್ಕೆ ಸೋತು, ಮುಂದಕ್ಕೆ ಬಾಗಿತ್ತು, ಬೇಸಿಗೆಯಲ್ಲಿ ಕುಗ್ಗಿ ಚುಚ್ಚಿದ ಅದೇ ಮರ, ಅಷ್ಟೇ, ಮರ.

ಅಕ್ಕ, ಯಾಕಕ್ಕ ಅಳ್ತಿದೀಯಾ ಅಂತ ಬಿಂದುಶ್ರೀ ಓಡಿ ಬಂದಳು, ಅಳ್ತಿಲ್ಲ ಕಣೇ ಅಂದೆ, ನೆಕ್ ಬಾಗಿದೆ, ನೋಡಿಲ್ಲಿ, ನೆಕ್ ಬಾಗಿದೆ, ಅದಕ್ಕೆ ಯಾರಾದ್ರೂ ಅಳ್ತಾರಾ ಅಂತ ಅವಳು, ನಾನು ನಗುತ್ತಿದ್ದೆ, ಮೂಗು ಸುರಿಯುತ್ತಿತ್ತು, ಆತ್ರೇಯನ ಡ್ರಮ್ಮಿನ ಡಬ್ಬಿಯಲ್ಲಿ ಸ್ಕ್ರೂ ತಿರುಗಿಸುವ ಅಲೆನ್ ಕೀ ಸಿಕ್ಕಿತು, ಕತ್ತಿನ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳು ಇರುತ್ತದೆ, ಇದಕ್ಕೆಂದೇ ಇಟ್ಟದ್ದು, ತಂತಿಗಳನ್ನು ಸ್ವಲ್ಪ ಸಡಿಲಿಸಿ, ಸರಳಿನ ತಲೆಗೆ ಕೀ ಕೊಟ್ಟು, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ, ಎಡಗೈಯಿಂದಲೇ, ಬೇಕೆಂದೇ, ಮರ ಒಮ್ಮೆ ಸಣ್ಣಗೆ ಕಿರ್ ಅಂದಿತು, ಮೂವರೂ ಉಸಿರು ಹಿಡಿದೆವು, ಏನೂ ಆಗಲಿಲ್ಲ. ಒಂದೇ ಸಲಕ್ಕೆ ಜಾಸ್ತಿ ಬೇಡಕ್ಕ, ಅದು ಸೆಟ್ ಆಗ್ಲಿ, ಕಾಫಿ ಕುಡ್ಕೊಂಡು ಬರೋಣ ಅಂದ ಆತ್ರೇಯ, ಎದುರಿನ ದರ್ಶಿನಿಯಲ್ಲಿ ನಿಂತು ಕುಡಿದೆವು, ಬಿಸಿ ಲೋಟವನ್ನು ನಾನು ಕೈಯಲ್ಲಿ ಸುತ್ತಿ ಹಿಡಿದುಕೊಂಡೆ, ಅದು ಅಲುಗುತ್ತದೋ ಇಲ್ಲವೋ ನೋಡಲು ಮರೆತೇ ಹೋಯಿತು, ಮರೆತದ್ದು ನೆನಪಾದಾಗ ಕಾಫಿ ಮುಗಿದಿತ್ತು. ಅದೇನೋ ಹೇಳ್ಬೇಕು ಅಂದ್ಯಲ್ಲಕ್ಕ ಅಂತ ಅವನು ಕೇಳಿದ. ಏನಿಲ್ಲ ಬಿಡೋ, ಜಾಕ್ ಕ್ಲೀನ್ ಮಾಡ್ಕೊಡು ಅಂದೆ. ಕಾಫಿಯಿಂದ ಬಂದು ಇನ್ನೊಂದು ಚೂರು ತಿರುಗಿಸಿ, ಶ್ರುತಿ ಮಾಡಿ, ಐದು ಹಾಡು ನುಡಿಸಿದೆವು, ಗಣೇಶನ ಪೆಂಡಾಲಿಗೆ ಇದೇ ಕ್ರಮ ಅಂತ ನಿರ್ಧಾರವೂ ಆಯಿತು.

ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿದೆ, ಮೈಸೂರು ರೋಡ್ ದಾಟುವಾಗ ಮಳೆ ನಿಂತು ಮೋಡದ ಅಂಚಿನಲ್ಲಿ ಕಿತ್ತಳೆ ಬೆಳಕು, ಇಂಥ ಸಂಜೆಯೂ ಇರುತ್ತದೆ ಅಂತ ಮರೆತಿದ್ದೆ, ಬೆರಳುಗಳು ಚೀಲದ ಮೇಲೆ ತಮ್ಮಷ್ಟಕ್ಕೆ ತಾಳ ಹಾಕುತ್ತಿವೆ, ಹಾಕಲಿ. ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ನನ್ನ ಮುಖ ನೋಡಿದಳು, ಕೈ ಚಲೋ ಆತೇನು ಅಂದಳು. ಯಾವ ಕೈ ಅವ್ವಾ. ನಿಂದ. ದಿನಾ ಬಚ್ಚಲದಾಗ ಲೋಟ ಹಿಡಕೊಂಡು ನಿಂದರತಿ, ಬಾಗಲಾ ಪೂರಾ ಮುಚ್ಚಂಗಿಲ್ಲದು, ನನಗ ಕಾಣಂಗಿಲ್ಲಂತ ಮಾಡಿಯೇನು. ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ, ಕೈಗೆ ಏನೂ ಆಗಿಲ್ಲ ಅವ್ವಾ, ಗಿಟಾರಿನ ಮರ ಬಾಗಿತ್ತು, ಮಳಿ ಥಂಡಿಗೆ ಅಂದೆ. ಹ್ಞೂ, ನನ್ನ ಜಡ್ಡು ನಿನಗ ಬರಂಗಿಲ್ಲ, ನನಗ ಗೊತ್ತೈತಿ ಅಂದಳು. ಹೆಂಗ ಗೊತ್ತು. ಕೇಳೇನಲ್ಲ ಡಾಕ್ಟರಗ, ಮೊದಲನೇ ದಿನಾನ, ನೀ ಗುಳಿಗಿ ತರಾಕ ಹೋಗಿದ್ದಿ ನೋಡು, ಅವಾಗ, ನಂದು ಇರಲಿ ಸಾಹೇಬ್ರ, ನನ್ನ ಮಗಳಿಗೆ ಬರತೈತೇನು ಹೇಳ್ರಿ ಅಂದೆ, ಬಹಳ ಮಂದ್ಯಾಗ ಹಂಗ ಮಕ್ಕಳಿಗೆ ಬರಂಗಿಲ್ಲ ಅಂದ್ರು. ನನಗ್ಯಾಕ ಹೇಳಲಿಲ್ಲ ಅವ್ವಾ. ನೀ ಬಾಯಿ ಬಿಡತಿ ಅಂತ ನಾ ಕಾಯಕೊಂತ ಕುಂತೆ ಅಂದಳು ಅವ್ವ, ಅಂದು ಎದ್ದು, ಗೋಡೆ ಹಿಡಿದುಕೊಂಡು, ಉಣ್ಣು ಬಾ ಅನ್ನುತ್ತ ಒಳಗೆ ಹೋದಳು. ನಾನು ಇಲ್ಲೇ ನಿಂತಿದ್ದೇನೆ, ಚೀಲ ಹೆಗಲ ಮೇಲೇ ಇದೆ, ಇಳಿಸಬೇಕು, ಇಳಿಸುತ್ತೇನೆ — ಆ ದಿನ ನಾನು ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದ್ದೆ, ಆ ಕೋಣೆಯಲ್ಲಿ ಅವಳೊಬ್ಬಳೇ, ನಾನು ಕಂಡದ್ದಲ್ಲ, ಆದರೂ ಕಾಣುತ್ತಿದೆ, ನಡುಗುವ ಎಡಗೈ ಡಾಕ್ಟರಿಗೆ ಕಾಣಬಾರದೆಂದು ಬಲಗೈಯಡಿ ಅದುಮಿಟ್ಟುಕೊಂಡು ಅವ್ವ ಮೇಜಿನ ಕಡೆಗೆ ಬಾಗುತ್ತಾಳೆ, ನಂದು ಇರಲಿ ಸಾಹೇಬ್ರ ಅಂತ, ಬಾಗುತ್ತಾಳೆ, ಎಡಗೈ ಬಲಗೈಯಡಿ, ನಂದು ಇರಲಿ ಅಂತ