ದೇವರ ಹೋತ, ಕರಿ ಮಾಡದ ತಪ್ಪು

ಆಡು ಕರಿ ಈ ಸಲ ಕುರುಡು ಮರಿ ಹಾಕಿತು. ಹೋದ ಸಲದ್ದಕ್ಕೆ ಮುಂಗಾಲು ಸೊಟ್ಟ, ಮೂರು ದಿನವೂ ಬದುಕಲಿಲ್ಲ. ಮರಿಯ ಬಾಯಿಗೆ ಮೊಲೆ ಹಿಡಿದು ಹಿಡಿದು ಗುರಮ್ಮನಿಗೆ ಸಾಕಾಗಿ ಹೋಯಿತು.

ಗುರಮ್ಮ, ಅವಳ ಗಂಡ ಸೈದಪ್ಪ ಕಲಬುರಗಿ ಕಡೆಯವರು. ಡೊಂಬಿವಲಿಯ ಆಚೆ ಕಲ್ಲು ಒಡೆಯುವ ಖದಾನಿಯಲ್ಲಿ ಸೈದಪ್ಪನ ಕೆಲಸ. ಪಕ್ಕದ ಅರ್ಧ ಎಕರೆಯಲ್ಲಿ ಗುಡಿಸಲು, ನಾಲ್ಕು ಸಾಲು ಮೆಂತ್ಯ, ಆಡಿನ ಕೊಟ್ಟಿಗೆ. ಕರಿ ಉಸ್ಮಾನಾಬಾದಿ ತಳಿಯ ಕಪ್ಪು ಆಡು, ತವರಿನವರು ಕೊಟ್ಟದ್ದು. ಅದರಿಂದ ಹಿಂಡು ಕಟ್ಟಬೇಕು, ಕೆಮ್ಮಿ ಕೆಮ್ಮಿ ಸೊರಗುತ್ತಿರುವ ಗಂಡನನ್ನು ಖದಾನಿಯ ಧೂಳಿನಿಂದ ಬಿಡಿಸಬೇಕು. ಗುರಮ್ಮನಿಗೆ ಇದ್ದದ್ದು ಅದೊಂದೇ ಆಸೆ.

ಈ ಮರಿಗಳ ತಂದೆ ಹೋತ ಯಾವುದು? ಕರಿಯ ಹೊಟ್ಟೆಯಲ್ಲೇ ಹುಟ್ಟಿದ್ದು! ಮೂರು ವರ್ಷದ ಹಿಂದೆ ಸೈದಪ್ಪನ ಕಾಲಿನ ಮೇಲೆ ಬಂಡೆ ಉರುಳಿದಾಗ ಊರ ದೇವಿ ಮರಗಮ್ಮನ ಹೆಸರಿಗೆ ಹರಕೆ ಬಿಟ್ಟದ್ದು. ದೇವರಿಗೆ ಬಿಟ್ಟ ಹೋತವನ್ನು ಮಾರುವಂತಿಲ್ಲ, ಬೀಜ ಒಡೆಸುವಂತಿಲ್ಲ, ಕಟ್ಟುವಂತೆಯೂ ಇಲ್ಲ. ಊರಿಗೆ ಒಯ್ದು ಒಪ್ಪಿಸಬೇಕು. ಅದಕ್ಕೆ ಖದಾನಿಯ ಮುಕಾದಮ ಕೆಲಸದಿಂದ ನಾಲ್ಕು ದಿನ ಸುಟ್ಟಿ ಕೊಡಬೇಕಲ್ಲ! ಹಾಗಾಗಿ ಹೋತ ಇಲ್ಲೇ ಉಳಿದು, ತಾಯಿ ತಂಗಿ ಎನ್ನದೆ ಎಲ್ಲವನ್ನೂ ಕೂಡಿತು.

ಪಕ್ಕದ ಹೊಲದ ದ್ರೌಪದಿ ಮರಿ ನೋಡಲು ಬಂದಳು. ವಿಜಾಪುರದವಳು, ಹತ್ತು ಆಡು ಸಾಕಿದವಳು, ಕಲ್ಯಾಣದ ಪಶು ದವಾಖಾನೆಯಲ್ಲಿ ಕೇಳಿ ತಿಳಿದವಳು.

"ಆಡಿಂದೇನೂ ತಪ್ಪಿಲ್ಲ, ಸೈದಪ್ಪಣ್ಣ. ತಾಯಿಗಿ ಮಗನ್ನ ಬಿಟ್ರ ಮರಿ ಹಿಂಗ ಹುಟ್ಟತಾವ. ಹೋತ ಬದಲಿ ಮಾಡು" ಎಂದಳು.

"ದೇವರ ಹೋತದಾಗ ಖೋಟ್ ಇರ್ತದೇನು? ಬಾಯಿ ತೊಳಕೊಂಡು ಮಾತಾಡವ್ವ!" ಸೈದಪ್ಪ ಸಿಡುಕಿದ.

"ದೇವಿಗಿ ಬಿಟ್ರಿ, ಒಪ್ಪಸಲಿಲ್ಲ. ಅದಕ್ಕ ದೇವಿ ಏನ್ ಮಾಡ್ಯಾಳು?"

ಸೈದಪ್ಪ ಕೇಳಲಿಲ್ಲ. "ಕರಿದೇ ಅಪಶಕುನ" ಎಂದು ಆ ಶುಕ್ರವಾರವೇ ಕಟುಕನಿಗೆ ಕೊಟ್ಟುಬಿಟ್ಟ. ಹುಟ್ಟಿದ್ದು ಕುರುಡಾದರೆ ತಾಯಿಯ ತಪ್ಪು! ಮನೆಯಲ್ಲಿ ನಡೆಯುವ ನ್ಯಾಯವೇ ಕೊಟ್ಟಿಗೆಯಲ್ಲೂ. ಗುರಮ್ಮನಿಗೆ ಮೈ ಉರಿಯಿತು. ಆದರೆ ದೇವಿ ಮುನಿದಾಳೆಂದು ಅಂಜಿ ಕರಿಯನ್ನು ತಾನೇ ಹಿಡಿದು ಕೊಟ್ಟಳು.

ಎರಡು ತಿಂಗಳಿಗೆ, ಅದೇ ಹೋತದಿಂದ ಗಬ್ಬವಾಗಿದ್ದ ಕರಿಯ ಮಗಳು ಚಂದ್ರಿ ಈಯಿತು. ಒಂದು ಮರಿ ಸತ್ತೇ ಬಂತು. ಇನ್ನೊಂದಕ್ಕೆ ಕಣ್ಣೇ ಇರಲಿಲ್ಲ.

"ಈಗ ಯಾರನ್ನ ಖಾಟಿಕಗ ಕೊಡ್ತಿ?" ಗುರಮ್ಮ ಕೂಗಿದಳು. "ಕರಿ ಅಂತೂ ಇಲ್ಲ. ಚಂದ್ರಿನ ಕೊಡ್ತಿಯೋ, ನನ್ನೇ ಕೊಡ್ತಿಯೋ?"

ಸೈದಪ್ಪ ಕಣ್ಣಿಲ್ಲದ ಮರಿಯನ್ನು ಕೈಗೆತ್ತಿಕೊಂಡ. ಬಹಳ ಹೊತ್ತು ಕೆಮ್ಮಿ, "ದ್ರೌಪದಕ್ಕಗ ಬಾ ಅನ್ನು" ಎಂದ.

ದ್ರೌಪದಿ ಬಂದಳು. ಸೈದಪ್ಪನೇ ಕೇಳಿದ: "ಭಿವಂಡಿಯಾಗ ಜಮುನಾಪಾರಿ ಹೋತ ಅದ, ಕರುವಿನಷ್ಟು ಎತ್ತರ. ತರ್ಲೇನು?"

"ಬ್ಯಾಡೋ ಯಪ್ಪಾ! ಸಣ್ಣ ಆಡಿಗಿ ದೊಡ್ಡ ತಳಿ ಬಿಟ್ರ ಮರಿ ದೊಡ್ಡದಾಗಿ ಈಯುವಾಗ ಸಿಗಬೀಳತೈತಿ, ತಾಯಿನೂ ಹೋಗತೈತಿ. ಉಸ್ಮಾನಾಬಾದಿನ ತಗೋ, ಬ್ಯಾರೆ ಹಿಂಡಿಂದು. ಅದರ ಹೆಣ್ಣಮರಿ ಬೆದಿಗಿ ಬರೂದರಾಗ ಆ ಹೋತನೂ ಬದಲಿ ಮಾಡು."

"ಮತ್ತ ಮರಗಮ್ಮನ ಹೋತ? ಕಟ್ಟಂಗಿಲ್ಲಲ್ಲ."

"ಕಟ್ಟಬ್ಯಾಡ. ಅಂಗಳದಾಗ ಬಿಡು, ಹೊಟ್ಟಿ ಕೆಳಗ ಗೋಣಿತಟ್ಟು ಬಿಗಿ. ಮೇಲೇರಿದ್ರೂ ಕೂಡಂಗಿಲ್ಲ. ಹಿಂದಕ ಕುರಿಯವ್ರು ಹಂಗ ಮಾಡತಿದ್ರು. ಸುಟ್ಟಿ ಸಿಕ್ಕ ಕೂಡಲೆ ಒಯ್ದು ಒಪ್ಪಿಸು."

ಸೈದಪ್ಪ ಹಾಗೇ ಮಾಡಿದ. ಟಿಟ್ವಾಳಾದಿಂದ ಬೇರೆ ಹೋತ ಬಂತು. ಮುಂದಿನ ಸಲ ಚಂದ್ರಿಗೆ ಎರಡು ಗಟ್ಟಿ ಮರಿ. ಗುರಮ್ಮ ಅವನ್ನು ಎದೆಗೊತ್ತಿಕೊಂಡು ನಗಲಿಲ್ಲ, ಅತ್ತಳು. ಇಷ್ಟು ಹೊತ್ತಿಗೆ ಕರಿಯ ಹಿಂಡೇ ಆಗಬೇಕಿತ್ತು. ಕಳೆದ ಮೂರು ವರ್ಷ ಯಾರು ತಂದುಕೊಟ್ಟಾರು? ಸೈದಪ್ಪ ಇನ್ನೂ ಖದಾನಿಗೆ ಹೋಗುತ್ತಾನೆ. ಈಗ ಕೆಮ್ಮಿದರೆ ರಕ್ತ ಬೀಳುತ್ತದೆ.

ಆಡು ಸಾಕುವ ಅಕ್ಕ, ಅಣ್ಣಂದಿರೇ, ಇದನ್ನು ಕೇಳಿ ಅಯ್ಯೋ ಪಾಪ ಎಂದು ಸುಮ್ಮನಾಗಬೇಡಿ. ಎದ್ದು ಕೊಟ್ಟಿಗೆಗೆ ಹೋಗಿ. ನಿಮ್ಮ ಹೋತದ ತಾಯಿ ಯಾವುದು, ತಂಗಿ ಯಾವುದು, ಮಗಳು ಯಾವುದು ನೋಡಿ. ಜೊತೆಗಿದ್ದರೆ ಇವತ್ತೇ ಬೇರೆ ಮಾಡಿ. ಗಂಡುಮರಿಗೆ ಮೂರು ತಿಂಗಳಾದರೆ ತಾಯಿಯ ಜೊತೆ ಬಿಡಬೇಡಿ. ತಿಳಿಯದಿದ್ದರೆ ಪಶು ದವಾಖಾನೆಯಲ್ಲಿ ಕೇಳಿ, ಕೇಳಿದರೆ ಮಾನ ಹೋಗುವುದಿಲ್ಲ. ಮರಿ ಸೊಟ್ಟ ಹುಟ್ಟಿದಾಗ ತಾಯಿಯನ್ನು ಕಟುಕನಿಗೆ ಕೊಡುವ ಮೊದಲು, ತಂದೆ ಯಾರೆಂದು ಒಮ್ಮೆ ಕೇಳಿಕೊಳ್ಳಿ.