ಲಿಫ್ಟಿನ ಫೋನಿನ ವೈರು ಕಿತ್ತ ಸೆಕ್ರೆಟರಿ

ಫೋನ್ ಬಡಿದುಕೊಳ್ಳುತ್ತದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಎತ್ತುತ್ತೀರಿ. ಆ ಕಡೆ ಯಾರೂ ಇಲ್ಲ. ಹಲೋ ಹಲೋ ಎಂದು ಗಂಟಲು ಹರಿದುಕೊಂಡರೂ ಉಸಿರಿಲ್ಲ. ಬೈದುಕೊಂಡು ಇಟ್ಟುಬಿಡುತ್ತೀರಿ. ನಿಮ್ಮಲ್ಲಿ ಎಷ್ಟೋ ಜನರಿಗೆ ಹೀಗಾಗಿರಬೇಕು. ಒಬ್ಬ ಸೆಕ್ರೆಟರಿ ಬೈದು ಸುಮ್ಮನಾಗಲಿಲ್ಲ, ಇನ್ನೂ ಒಂದು ಕೆಲಸ ಮಾಡಿದರು. ಅದರಿಂದ ಏನಾಯಿತು ಎನ್ನುವುದೇ ಈ ಕಥೆ. ಓದಿದರೆ ನಿಮಗೆ ಸಿಟ್ಟು ಬರುತ್ತದೆ. ಬರಲಿ, ಬರಬೇಕು.

ಅದು ಐದು ಮಹಡಿಯ ಹಳೆಯ ಕಟ್ಟಡ. ಇರುವುದು ಒಂದೇ ಲಿಫ್ಟು. ನಾಲ್ಕನೇ ಮಹಡಿಯವರು ನಿವಾಸಿಗಳ ಸಂಘಕ್ಕೆ ಸೆಕ್ರೆಟರಿ. ಆ ಕುರ್ಚಿಯಲ್ಲಿ ಎಷ್ಟು ವರ್ಷದಿಂದ ಬೇರು ಬಿಟ್ಟಿದ್ದರೆಂದರೆ ಜನಕ್ಕೆ ಅವರ ಹೆಸರೇ ಮರೆತುಹೋಗಿತ್ತು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಟ್ಟಡಕ್ಕೆಲ್ಲ ಅವಳು ಟೈಲರಮ್ಮ. ಕೋಪ ಬಂದಾಗ ಅವಳೂ ಗಂಡನನ್ನು ಸೆಕ್ರೆಟರಿ ಎಂದೇ ಕರೆಯುತ್ತಿದ್ದಳು.

ಆ ಲಿಫ್ಟಿನೊಳಗೆ ಹೋದರೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಸಂಘದವರು ಲಿಫ್ಟಿಗೆ ಇಂಟರ್ನೆಟ್ ಫೋನ್ ಹಾಕಿಸಿದರು. ಕರೆಂಟ್ ಹೋದರೂ ನಡೆಯಲಿ ಎಂದು ಬ್ಯಾಟರಿಯನ್ನೂ ಇಡಿಸಿದರು. ಒಳಗಿನ ಕೆಂಪು ಗುಂಡಿ ಒತ್ತಿದರೆ ಸೆಕ್ರೆಟರಿ ಮನೆಯ ಫೋನ್ ಹೊಡೆದುಕೊಳ್ಳಬೇಕು, ಅಷ್ಟೆ. ಆ ಫೋನು ಟೈಲರಮ್ಮನ ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿ ಕೂತಿತು. ಹಾಕಲು ಬಂದವನು ಅವಸರದಲ್ಲಿದ್ದ. ‘ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಸರ್’ ಎಂದು ಬಾಗಿಲಲ್ಲೇ ಹೇಳಿ ಹೊರಟ. ಸೆಕ್ರೆಟರಿ ‘ಆಯ್ತಾಯ್ತು’ ಎಂದರು. ಇಬ್ಬರೂ ಅಲ್ಲಿಗೆ ಕೈ ತೊಳೆದುಕೊಂಡರು.

ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಶುರುವಾಯಿತು ಕಾಟ. ಊಟಕ್ಕೆ ಕೂತರೆ ಫೋನು, ಮಲಗಿದರೆ ಫೋನು, ಸ್ನಾನಕ್ಕೆ ನೀರು ಹಾಕಿಕೊಂಡರೆ ಫೋನು. ಎತ್ತಿದರೆ ಯಾರೂ ಇಲ್ಲ.

ಸೆಕ್ರೆಟರಿಗೆ ಕಳ್ಳ ಯಾರೆಂದು ಕಂಡುಹಿಡಿಯಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ‘ಮಕ್ಕಳು’ ಎಂದರು. ‘ಲಿಫ್ಟಲ್ಲಿ ಹೋಗ್ತಾ ಬರ್ತಾ ಗುಂಡಿ ಒತ್ತಿ ಓಡಿಹೋಗ್ತಾವೆ.’ ಐದನೇ ಮಹಡಿಯಲ್ಲಿ ಒಂದು ಸಣ್ಣ ಹುಡುಗಿ ಇದ್ದಳು, ಚಿಲಿಪಿಲಿ ಮಾತಿನವಳು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳನ್ನು ಮೆಟ್ಟಿಲ ಮೇಲೆ ಅಡ್ಡಹಾಕಿ ನಿಲ್ಲಿಸಿದರು.

‘ಇನ್ನೊಂದ್ಸಲ ಕೆಂಪು ಗುಂಡಿ ಮುಟ್ಟಿದ್ರೆ ನೋಡು!’

‘ನಾನು ಮುಟ್ಟಿಲ್ಲ ಅಂಕಲ್.’

‘ಸುಳ್ಳು ಬೇರೆ ಹೇಳ್ತೀಯಾ?’

ಮಗು ಅಳುತ್ತಾ ಮನೆಗೆ ಹೋಯಿತು. ಫೋನು ಮಾತ್ರ ನಿಲ್ಲಲಿಲ್ಲ. ಒಂದು ದಿನ ಸೆಕ್ರೆಟರಿ ಊಟದ ತಟ್ಟೆಯಿಂದ ಎದ್ದುಬಂದು, ಎಂಜಲು ಕೈಯಲ್ಲೇ ಫೋನಿನ ವೈರು ಕಿತ್ತು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಗೂಡಿನೊಳಗೆ ತಳ್ಳಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಯಂತ್ರದ ಮುಂದೆ ಕೂತಿದ್ದ ಟೈಲರಮ್ಮ ‘ಸದ್ಯ, ಪೀಡೆ ತೊಲಗ್ತು’ ಎಂದಳು. ಹೌದು, ಅವಳೂ ಅಂದಳು. ಮುಂದೆ ಅವಳಿಗೆ ಬಂದ ಕೋಪದಲ್ಲಿ ಅರ್ಧ ತನ್ನ ಮೇಲೇ ಇತ್ತು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಟೈಲರಮ್ಮನ ಯಂತ್ರ ಅರ್ಧ ಹೊಲಿಗೆಯಲ್ಲಿ ನಿಂತಿತು. ತೋಳು ಜೋಡಿಸುವುದು ಬಾಕಿ ಇತ್ತು. ಕರೆಂಟಿನವರಿಗೆ ನಾಲ್ಕು ಮಾತು ಅಂದು, ಸೂಜಿಗೆ ದಾರ ಪೋಣಿಸಿಕೊಂಡು ಕಿಟಕಿ ಹತ್ತಿರ ಕೂತಳು. ಮನೆ ತಣ್ಣಗೆ, ಸದ್ದಿಲ್ಲದೆ ಇತ್ತು. ಪಕ್ಕದ ಗೂಡಿನಲ್ಲಿ ಫೋನೂ ಸದ್ದಿಲ್ಲದೆ ಇತ್ತು.

ಅದೇ ಹೊತ್ತಿಗೆ ಅವಳ ಅತ್ತೆ, ಸೆಕ್ರೆಟರಿಯ ತಾಯಿ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಸೊಸೆಯ ಹೊಲಿಗೆಗೆ ಅಂಗಿ ಗುಂಡಿ ತರಲೆಂದು ಕೆಳಗಿನ ಅಂಗಡಿಗೆ ಹೋಗಿದ್ದವರು, ಶಾಲೆಯಿಂದ ಬಂದ ಗುಬ್ಬಿಯ ಜೊತೆ ಮೇಲೆ ಬರುತ್ತಿದ್ದರು. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟು ನಿಂತಿತು. ಅತ್ತೆಗೆ ಉಬ್ಬಸ. ಉಸಿರಿಗೆ ಎಳೆದುಕೊಳ್ಳುವ ಔಷಧಿ ಮನೆಯಲ್ಲಿ, ಹಾಸಿಗೆ ಪಕ್ಕದಲ್ಲಿ ಇತ್ತು. ಕತ್ತಲೆ, ಸೆಕೆ, ಹೆದರಿಕೆ ಮೂರೂ ಸೇರಿ ಎದೆ ಬಿಗಿಯತೊಡಗಿತು.

‘ಕೆಂಪು ಗುಂಡಿ ಒತ್ತು ಮರಿ.’

‘ಬೇಡ ಅಜ್ಜಿ. ಅಂಕಲ್ ಬೈತಾರೆ.’

ಇದನ್ನು ಆಮೇಲೆ ಕೇಳಿದಾಗ ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಾಯುವ ಹೊತ್ತಿನಲ್ಲೂ ಒಂದು ಮಗು ತುರ್ತು ಗುಂಡಿ ಮುಟ್ಟಲು ಹೆದರುವ ಹಾಗೆ ಮಾಡಿದ್ದರಲ್ಲ, ಇದಕ್ಕೇನು ಹೇಳುವುದು? ಅತ್ತೆ ತಾವೇ ತಡಕಾಡಿ ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಕೊನೆಗೆ ಕೈ ಸೋತು ಕೆಳಗೆ ಕೂತರು. ಆಗ ಗುಬ್ಬಿ ಕಾಲಿನ ಬೂಟು ಬಿಚ್ಚಿ ಬಾಗಿಲಿಗೆ ಬಡಿಯತೊಡಗಿದಳು. ಮೂರನೇ ಮಹಡಿಯವರಿಗೆ ಅದು ಕೇಳಿಸಿ, ಲಿಫ್ಟಿನ ಮೆಕ್ಯಾನಿಕ್ ಬಂದು ಬಾಗಿಲು ಬಿಡಿಸುವ ಹೊತ್ತಿಗೆ ಅತ್ತೆಯ ತುಟಿ ನೀಲಿಗಟ್ಟಿತ್ತು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ‘ಇನ್ನೂ ತಡ ಆಗಿದ್ರೆ ನಾವು ಏನೂ ಮಾಡೋಕಾಗ್ತಿರಲಿಲ್ಲ’ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಮರುದಿನ ನಾದಿನಿ ಓಡಿಬಂದಳು. ಸೆಕ್ರೆಟರಿಯ ತಂಗಿ ಅವಳು. ಅವಳ ಕೆಲಸವೇ ಇಂಟರ್ನೆಟ್ ಫೋನುಗಳದ್ದು. ಕಂಪನಿಗಳಿಗೆ ಅವನ್ನು ಕೂರಿಸುವುದು, ನಡೆಯುತ್ತಿವೆಯೋ ಇಲ್ಲವೋ ಎಂದು ಕಣ್ಣಿಡುವುದು, ಕಳ್ಳರು ನುಗ್ಗದ ಹಾಗೆ ಕಾಯುವುದು. ಅಮ್ಮನನ್ನು ನೋಡಿಕೊಂಡು ನೇರ ಅಣ್ಣನ ಮನೆಗೆ ಬಂದವಳು ಮೊದಲು ಗೂಡಿನಲ್ಲಿದ್ದ ಫೋನನ್ನೇ ಕೈಗೆತ್ತಿಕೊಂಡಳು. ಸುತ್ತಿದ ವೈರನ್ನು ಎತ್ತಿ ಹಿಡಿದಳು.

‘ಅಣ್ಣ, ಏನಿದು?’

‘ಮಕ್ಕಳ ಕಾಟ ಕಣೇ. ಹಗಲೂ ರಾತ್ರಿ ಒತ್ತೋವು.’

‘ರಾತ್ರಿ ಎಲ್ಲರೂ ಮಲಗಿದ ಮೇಲೂ ಬರ್ತಿತ್ತಾ?’

‘ಬರ್ತಿತ್ತು.’

‘ಆಗಲೂ ಮಕ್ಕಳು ಲಿಫ್ಟಲ್ಲಿ ಆಡ್ತಿದ್ವಾ?’

ಉತ್ತರ ಕೊಟ್ಟವಳು ಟೈಲರಮ್ಮ. ‘ಅಷ್ಟು ಯೋಚನೆ ಮಾಡಿದ್ರೆ ಅವರನ್ನ ಸೆಕ್ರೆಟರಿ ಯಾಕೆ ಮಾಡ್ತಿದ್ರು?’

‘ನೀನು ಸುಮ್ನಿರು. ಕರೆಂಟ್ ಹೋಗಿದ್ದು ನನ್ನ ತಪ್ಪಾ?’

‘ಕರೆಂಟ್ ಹೋಗಿದ್ದು ನಿಮ್ಮ ತಪ್ಪಲ್ಲ. ಫೋನ್ ಕಿತ್ತಿದ್ದು ನಿಮ್ಮ ತಪ್ಪು. ನೋಡ್ಕೊಂಡು ಸದ್ಯ ಅಂದಿದ್ದು ನನ್ನ ತಪ್ಪು. ಅತ್ತೆ ಅಲ್ಲಿ ಗುಂಡಿ ಒತ್ತಿ ಒತ್ತಿ ಸಾಯ್ತಿದ್ರು, ನಾನು ಇಲ್ಲಿ ಕಿಟಕಿ ಹತ್ರ ಕೂತು ತೋಳು ಹೊಲೀತಿದ್ದೆ!’ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

ನಾದಿನಿ ವೈರು ಬಿಡಿಸಿ ಫೋನಿಗೆ ಚುಚ್ಚಿದಳು. ‘ಅತ್ತಿಗೆ, ನೀವು ಹೋಗಿ ಲಿಫ್ಟನ್ನ ಈ ಮಹಡಿಗೆ ಕರೆಸಿ, ಬಾಗಿಲು ತೆಗೆದಿಟ್ಟು ಒಳಗೆ ನಿಂತ್ಕೊಳ್ಳಿ. ಏನನ್ನೂ ಮುಟ್ಟಬೇಡಿ.’

ಟೈಲರಮ್ಮ ಒಂದು ಸ್ಟೂಲು ಹಾಕಿಕೊಂಡು ಲಿಫ್ಟಿನಲ್ಲೇ ಕೂತಳು. ಸೆಕ್ರೆಟರಿ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮುಖ. ಮಾಡಿದ ಟೀ ಆರಿತು. ಮೇಲಿನವರು ಕೆಳಗಿನವರು ಲಿಫ್ಟು ಬೇಕೆಂದು ಕೂಗಿದರು. ಟೈಲರಮ್ಮ ‘ಮೆಟ್ಟಿಲಿದೆ, ಹತ್ತಿ’ ಎಂದಳು.

ಫೋನ್ ಹೊಡೆದುಕೊಂಡಿತು.

‘ನಾನು ಇಲ್ಲೇ ಕೂತಿದೀನಿ ರೀ!’ ಟೈಲರಮ್ಮ ಲಿಫ್ಟಿನಿಂದಲೇ ಎರಡೂ ಕೈ ಎತ್ತಿ ತೋರಿಸಿದಳು. ‘ಯಾರು ಒತ್ತಿದ್ರು ಈಗ? ಹೇಳಿ ಸೆಕ್ರೆಟರಿ, ಯಾವ ಮಗು ಒತ್ತಿತು?’

ಸೆಕ್ರೆಟರಿ ಯಾರೂ ಮುಟ್ಟದ ಗುಂಡಿಯನ್ನು ನೋಡಿದರು, ಬಡಿದುಕೊಳ್ಳುತ್ತಿದ್ದ ಫೋನನ್ನು ನೋಡಿದರು. ನಾದಿನಿ ಅದರ ಪರದೆಯನ್ನು ಅವರ ಮುಂದೆ ಹಿಡಿದಳು.

‘ಲಿಫ್ಟಿಂದ ಬಂದ್ರೆ ಲಿಫ್ಟ್ ಅಂತ ಬೀಳುತ್ತೆ. ಇಲ್ಲೇನು ಬಿದ್ದಿದೆ? ಯಾವುದೋ ತಲೆಬುಡ ಇಲ್ಲದ ನಂಬರು. ಇದು ಮನುಷ್ಯರು ಮಾಡೋ ಫೋನೇ ಅಲ್ಲ ಅಣ್ಣ. ಎಲ್ಲೋ ಕೂತ ಕಳ್ಳರು ಕಂಪ್ಯೂಟರಿಗೆ ಕೆಲಸ ಹಚ್ಚಿರ್ತಾರೆ. ಅದು ಇಂಟರ್ನೆಟ್ಟಲ್ಲಿ ಸಿಕ್ಕ ಸಿಕ್ಕ ಫೋನಿನ ಬಾಗಿಲು ತಟ್ಟುತ್ತಾ ಹೋಗುತ್ತೆ. ಎಲ್ಲಿ ಬಾಗಿಲು ತೆರೆದಿದೆ ಅಂತ ನೋಡುತ್ತೆ. ನಿನ್ನ ಫೋನು ಯಾರು ತಟ್ಟಿದ್ರೂ ಓ ಅನ್ನೋ ಹಾಗೆ ಇದೆ. ಅದಕ್ಕೇ ಹೊಡ್ಕೊಳ್ಳುತ್ತೆ, ಅದಕ್ಕೇ ಎತ್ತಿದ್ರೆ ಯಾರೂ ಇರಲ್ಲ.’

‘ಲಿಫ್ಟಿನ ಫೋನಲ್ಲಿ ಕದಿಯೋಕೆ ಏನಿದೆಯೇ?’

‘ಲೈನ್ ಇದೆಯಲ್ಲ! ಒಳಗೆ ನುಗ್ಗಿದ್ರೆ ನಿನ್ನ ಲೈನಿಂದ, ನಿನ್ನ ನಂಬರಿಂದ ಕಂಡವರಿಗೆಲ್ಲ ಫೋನ್ ಮಾಡಿ ಮೋಸ ಮಾಡ್ತಾರೆ. ಪೊಲೀಸ್ರು ಹುಡುಕ್ಕೊಂಡು ಬರೋದು ನಿನ್ನ ಮನೆಗೆ. ಪಾಸ್‌ವರ್ಡ್ ಏನಿಟ್ಟಿದ್ದೀಯ?’

‘ಫ್ಯಾಕ್ಟರಿಯಿಂದ ಬಂದದ್ದೇ ಇರಬೇಕು.’

‘ಅಂದ್ರೆ ಆ ಕಂಪನಿ ಮಾಡಿದ ಎಲ್ಲ ಫೋನಿಗೂ ಅದೇ. ಇಡೀ ಊರಿಗೆ ಒಂದೇ ಬೀಗದ ಕೈ. ಕಳ್ಳರಿಗೆ ಅದು ಬಾಯಿಪಾಠ.’

ಟೈಲರಮ್ಮ ಸ್ಟೂಲು ಎತ್ತಿಕೊಂಡು ಒಳಗೆ ಬಂದಳು. ‘ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಎಳೆದ್ರಂತೆ. ಕಳ್ಳರು ಬಾಗಿಲು ತಟ್ಟಿದ್ದಕ್ಕೆ ಇವರು ಐದನೇ ಮಹಡಿ ಮಗೂನ ಅಳಿಸಿದ್ರು. ನಾನಾದ್ರೂ ಆ ಮಗು ಮಾತು ಕೇಳ್ಬೇಕಿತ್ತು.’

ಸೆಕ್ರೆಟರಿ ದನಿ ತಗ್ಗಿತ್ತು. ಆದರೂ ಹಳೇ ಚಾಳಿ ಎಲ್ಲಿ ಬಿಡುತ್ತದೆ? ‘ಸರಿ, ಸರಿ. ಅಮ್ಮ ಮನೆಗೆ ಬರಲಿ. ಸಂಘದ ಮೀಟಿಂಗ್ ಕರೆದು ಆಮೇಲೆ ಮಾಡಿಸೋಣ.’

ಟೈಲರಮ್ಮ ಗಂಡನ ತೋಳು ಹಿಡಿದುಕೊಂಡು ಹೊರಟಳು. ಆಸ್ಪತ್ರೆಯ ಮಂಚದ ಮುಂದೆ ತಂದು ನಿಲ್ಲಿಸಿದಳು. ‘ಅತ್ತೆ, ಗುಂಡಿ ಒತ್ತಿದಾಗ ಏನು ಕೇಳಿಸ್ತು ಅಂತ ನಿಮ್ಮ ಮಗನಿಗೆ ಹೇಳಿ.’

ಮುದುಕಿ ಮಾಸ್ಕು ಸರಿಸಿದರು. ಒಂದೊಂದೇ ಮಾತು, ನಡುನಡುವೆ ಉಸಿರು.

‘ಯಾವಳೋ ಒಬ್ಬಳು ಮಾತಾಡಿದಳಪ್ಪ. ಎಷ್ಟು ಇಂಪಾದ ದನಿ. ನೀವು ಕರೆ ಮಾಡಿದವರು ಈಗ ಸಿಗುವುದಿಲ್ಲ, ಆಮೇಲೆ ಪ್ರಯತ್ನಿಸಿ ಅಂದಳು. ಮತ್ತೆ ಒತ್ತಿದೆ, ಮತ್ತೆ ಅದನ್ನೇ ಅಂದಳು. ನಿನ್ನ ಮನೆ ಬಾಗಿಲು ನನ್ನ ತಲೆ ಮೇಲೇ ಇತ್ತು. ಆಮೇಲೆ ಅಂದ್ರೆ ಯಾವಾಗ ಮಗಾ? ನಾನು ಸತ್ತ ಮೇಲಾ?’

ಸೆಕ್ರೆಟರಿ ಮಂಚದ ಕಂಬಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಟೈಲರಮ್ಮನಿಗೆ ಕರುಣೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಅವತ್ತೇ ಸಂಜೆಯೊಳಗೆ ಕೆಲಸ ಮುಗಿಯಿತು. ಮೀಟಿಂಗೂ ಇಲ್ಲ, ಮಣ್ಣೂ ಇಲ್ಲ. ನಾದಿನಿ ಮುಂದೆ ಕೂತು, ಫೋನ್ ಹಾಕಿದವನನ್ನೇ ಕರೆಸಿ ಮಾಡಿಸಿದಳು. ಫ್ಯಾಕ್ಟರಿ ಪಾಸ್‌ವರ್ಡ್ ತೆಗೆದು ಯಾರೂ ಊಹಿಸಲಾಗದ ಉದ್ದನೆಯದನ್ನು ಇಡಿಸಿದಳು. ಲಿಫ್ಟು ಮತ್ತು ಫೋನ್ ಕಂಪನಿ ಬಿಟ್ಟು ಬೇರೆ ಯಾರು ತಟ್ಟಿದರೂ ಫೋನು ಕಿವಿಗೊಡದ ಹಾಗೆ ಹೊರಗಿನ ಬಾಗಿಲು ಮುಚ್ಚಿಸಿದಳು. ಸೆಕ್ರೆಟರಿ ಮನೆಯಲ್ಲಿ ಎತ್ತದಿದ್ದರೆ ಕರೆ ಮೂರನೇ ಮಹಡಿಗೆ, ಅಲ್ಲೂ ಎತ್ತದಿದ್ದರೆ ಕಾವಲುಗಾರನ ಮೊಬೈಲಿಗೆ ಹೋಗಬೇಕು. ಫೋನಿನ ವೈರು ಯಾರಾದರೂ ಕಿತ್ತರೆ, ಲೈನು ಸತ್ತರೆ, ತಕ್ಷಣ ಮೂವರ ಮೊಬೈಲಿಗೆ ಮೆಸೇಜು ಬರಬೇಕು. ಅದು ಬರುತ್ತದೆಯೇ ಎಂದು ಟೈಲರಮ್ಮ ತಾನೇ ವೈರು ಕಿತ್ತು ನೋಡಿದಳು. ಬಂತು. ಇಂಟರ್ನೆಟ್ ಪೆಟ್ಟಿಗೆಯ ಬ್ಯಾಟರಿಯನ್ನೂ ಕರೆಂಟ್ ತೆಗೆದು ಪರೀಕ್ಷೆ ಮಾಡಿದರು.

‘ಇಷ್ಟೇನಾ?’ ಎಂದರು ಸೆಕ್ರೆಟರಿ.

‘ಇಷ್ಟೇ ಅಣ್ಣ. ಮೊದಲೇ ಮಾಡಿದ್ರೆ ಅಮ್ಮ ಆಸ್ಪತ್ರೇಲಿ ಇರ್ತಿರಲಿಲ್ಲ. ಆದ್ರೆ ಮಾಡಿ ಮರೆಯೋ ಹಾಗಿಲ್ಲ. ವಾರಕ್ಕೊಂದು ಸಲ ಗುಂಡಿ ಒತ್ತಿ, ಯಾರು ಎತ್ತುತ್ತಾರೆ ನೋಡಬೇಕು. ಕಂಪನಿಯವರು ಹೊಸ ಸಾಫ್ಟ್‌ವೇರ್ ಕಳಿಸಿದ್ರೆ ಆಗಲೇ ಹಾಕಿಸ್ಕೋಬೇಕು.’

ಆಮೇಲೆ ಸೆಕ್ರೆಟರಿ ಐದನೇ ಮಹಡಿಗೆ ಹೋದರು. ಗುಬ್ಬಿ ಅಮ್ಮನ ಹಿಂದೆ ಬಚ್ಚಿಟ್ಟುಕೊಂಡಳು.

‘ತಪ್ಪಾಯ್ತಮ್ಮ. ನೀನು ಒತ್ತಿರಲಿಲ್ಲ.’

‘ನಾನು ಅವತ್ತೇ ಹೇಳಿದ್ದೆ’ ಎಂದಳು ಗುಬ್ಬಿ, ಮುಖ ಹೊರಗೆ ಹಾಕದೆ. ಕೆಳಗೆ ಇಳಿಯುವಾಗ ಸೆಕ್ರೆಟರಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದರಂತೆ.

ಈಗ ನಿಮ್ಮ ಮಾತಿಗೆ ಬರೋಣ. ಇಂಟರ್ನೆಟ್ ಫೋನ್ ಲಿಫ್ಟಿನಲ್ಲಿ ಮಾತ್ರ ಇಲ್ಲ. ನಿಮ್ಮ ಆಸ್ಪತ್ರೆಯಲ್ಲಿದೆ, ಮಕ್ಕಳ ಶಾಲೆಯಲ್ಲಿದೆ, ನಿಮ್ಮ ಅಂಗಡಿಯಲ್ಲಿದೆ. ಸುಮ್ಮಸುಮ್ಮನೆ ಹೊಡೆದುಕೊಂಡು ಎತ್ತಿದರೆ ಯಾರೂ ಇಲ್ಲದಿದ್ದರೆ, ದಯವಿಟ್ಟು ವೈರು ಕೀಳಬೇಡಿ, ದನಿ ಅಡಗಿಸಬೇಡಿ, ಮಕ್ಕಳನ್ನು ಬೈಯಬೇಡಿ. ಯಾರೋ ಬಾಗಿಲು ತಟ್ಟುತ್ತಿರಬಹುದು. ಹಾಕಿದವರನ್ನು ಕರೆಸಿ, ಮೂರು ಮಾತು ಕೇಳಿ: ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಹೊರಗಿನವರು ನೇರವಾಗಿ ತಟ್ಟದ ಹಾಗೆ ಮುಚ್ಚಿದ್ದೀರಾ? ಲೈನು ಸತ್ತರೆ ನಮಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಕೊಡದೆ ತಲೆ ಕೆರೆದುಕೊಂಡರೆ ಬಿಡಬೇಡಿ. ಜಗಳ ಮಾಡಿ. ಈ ವಿಷಯಕ್ಕೆ ಜಗಳ ಮಾಡಿದರೆ ತಪ್ಪಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಿಮ್ಮ ಕಟ್ಟಡದಲ್ಲಿ ಲಿಫ್ಟು ಇದ್ದರೆ ಈ ಹಾಳೆಯನ್ನು ಇಲ್ಲೇ ಮಡಿಸಿಡಿ. ಎದ್ದು ಹೋಗಿ ಒಳಗಿನ ತುರ್ತು ಗುಂಡಿ ಒತ್ತಿ, ಕಾಯಿರಿ. ಯಾರಾದರೂ ಎತ್ತಿ ‘ಯಾರು, ಏನಾಯ್ತು?’ ಎಂದರೆ ಅವರಿಗೆ ಒಂದು ನಮಸ್ಕಾರ ಹೇಳಿ ಬನ್ನಿ. ಯಾರೂ ಎತ್ತದಿದ್ದರೆ, ಇವತ್ತು ಆ ಲಿಫ್ಟು ಹತ್ತುವ ನಿಮ್ಮ ಮನೆಯವರ ಮುಖ ಒಂದು ಸಲ ನೆನೆದುಕೊಂಡು ನಿಮ್ಮ ಸೆಕ್ರೆಟರಿ ಮನೆಯ ಬಾಗಿಲು ಬಡಿಯಿರಿ.