ಗುನ್ವೋರ್‌ಗೆ ಕೆಲಸದ ಗಂಟೆ ಕಡಿಮೆಯಾಗಿದ್ದೇಕೆ?

ಮೊನ್ನೆ ಗುನ್ವೋರ್ ರಬ್ಬರ್ ಏಪ್ರನ್ ಮಡಚಿ ಹಿಡಿದುಕೊಂಡು ಕಾಫಿ ಕೋಣೆಗೆ ಬಂದಳು. ನಾರ್ವೆಯ ಕರಾವಳಿಯಲ್ಲಿರುವ ನಮ್ಮ ಮೀನು ಕಾರ್ಖಾನೆಗೆ ಈ ಚಳಿಗಾಲದಲ್ಲಷ್ಟೇ ಸೇರಿದವಳು. ಮೊದಲು ಒಳನಾಡಿನ ಅಂಗಡಿಯೊಂದರಲ್ಲಿದ್ದಳು; ಅಲ್ಲಿ ವರ್ಷವಿಡೀ ಎಲ್ಲ ವಾರವೂ ಕೆಲಸದ ಗಂಟೆ ಒಂದೇ ಲೆಕ್ಕ.

"ಇದನ್ನ ಮೇಸ್ತ್ರಿಗೆ ಕೊಟ್ಟು ಕೆಲಸ ಬಿಟ್ಟು ಹೋಗ್ತೀನಿ," ಅಂದಳು. "ಮಾರ್ಚ್‌ನಲ್ಲಿ ಉಸಿರಾಡೋಕೂ ಬಿಡ್ಲಿಲ್ಲ. ಈಗ ಮಧ್ಯಾಹ್ನಕ್ಕೇ ಮನೆಗೆ ಹೋಗು ಅಂತಾರೆ. ನನ್ನ ಕೈ ನಿಧಾನ ಅಂತ ನೇರವಾಗಿ ಹೇಳೋಕೇನು ಧಾಡಿ?"

ನಮ್ಮ ಕಾರ್ಮಿಕ ಸಂಘದ ಪ್ರತಿನಿಧಿ ಓಡ್ನಿ ವಾಫಲ್ ಎಂಬ ಸಿಹಿ ದೋಸೆಗೆ ಜಾಮ್ ಸವರುತ್ತಿದ್ದಳು. ಯಾವುದಕ್ಕೂ ಗಡಿಬಿಡಿ ಮಾಡುವವಳಲ್ಲ ಅವಳು.

"ಕೂತ್ಕೋ ಮಾರಾಯ್ತಿ. ಮಾರ್ಚ್‌ನಲ್ಲಿ ಅಷ್ಟು ಕೆಲಸ ಯಾಕಿತ್ತು?"

"ದೋಣಿ ತುಂಬ ಕಾಡ್ ಮೀನು ಬರ್ತಿತ್ತು."

"ಮೊಟ್ಟೆ ಇಡೋಕೆ ದಡದ ಹತ್ರ ಬಂದಿತ್ತು, ಮುಗಿಸ್ಕೊಂಡು ಹೋಯ್ತು. ನೀನು ಚಾಕು ಹಿಡ್ಕೊಂಡು ನಿಂತಿದೀಯ ಅಂತ ಕಾಯತ್ತಾ ಅದು? ಬಿರುಗಾಳಿ ಇದ್ರೆ ದೋಣಿನೇ ಹೊರಡಲ್ಲ. ಹಬ್ಬ ಬಂದ್ರೆ ಬೇಡಿಕೆ ಏರತ್ತೆ. ಜುಲೈನಲ್ಲಿ ಅರ್ಧ ಊರೇ ರಜೆ ಹಾಕತ್ತೆ, ಉಳಿದವರಿಗೆ ಮತ್ತೆ ಕೈತುಂಬ ಕೆಲಸ. ಒಂದು ವಾರ ನೋಡಿ ತೀರ್ಮಾನ ಮಾಡ್ಬೇಡ, ಇಡೀ ವರ್ಷ ನೋಡು."

"ಅದು ಸರಿ. ಆದ್ರೆ ನೀನು ಹಳಬಳು, ನಿನ್ನ ಕೈಗೆ ಸಾಟಿ ಯಾರಿದಾರೆ? ನಿನ್ನನ್ನೂ ಬೇಗ ಕಳಿಸ್ತಾರಲ್ಲ, ಅದ್ಯಾಕೆ?"

ಓಡ್ನಿ ಜಾಮ್ ಬಾಟಲಿಗೆ ಮುಚ್ಚಳ ಹಾಕತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ನಾವೇ ಕೇಳ್ಕೊಂಡಿದ್ದು ಕಣೆ. ಮೀನು ಕಡಿಮೆ ಆದಾಗ ಹೊಸಬರನ್ನ ಕೆಲಸದಿಂದ ತೆಗೀತೀವಿ ಅಂದ್ರು ಮಾಲೀಕರು. ಬೇಡ, ಇರೋ ಕೆಲಸನೇ ಎಲ್ರೂ ಹಂಚ್ಕೋತೀವಿ ಅಂತ ಇವಳು ಹೋಗಿ ಹಟ ಹಿಡಿದು ಕೂತ್ಲು. ನಾವೆಲ್ಲ ಒಪ್ಕೊಂಡ್ವಿ."

ಗುನ್ವೋರ್ ಏಪ್ರನ್ ಮಡಿಲಲ್ಲಿಟ್ಟುಕೊಂಡು ಕೂತಳು. "ಈ ಚಳಿಗಾಲ ಸೇರಿದ್ದು ನಾನೊಬ್ಬಳೇ ಅಲ್ವಾ?"

"ಹೌದು," ಅಂದಳು ಓಡ್ನಿ. "ಕಾಫಿ ಆರ್ತಾ ಇದೆ, ಕುಡಿ."

ಎಷ್ಟು ವರ್ಷ ಜೊತೆಗಿದ್ದರೂ ಈ ಹೆಂಗಸಿನ ಮೇಲೆ ನನಗೆ ಅಭಿಮಾನ ಉಕ್ಕುವುದು ಇದಕ್ಕೇ. ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಂದೂ ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ನಾಳೆ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿಕೊಂಡು ಗುನ್ವೋರ್ ನಮ್ಮ ಜೊತೆಯೇ ಮನೆಗೆ ಹೊರಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸದ ಗಂಟೆಯೂ ಒಂದು ವಾರ ಏರುತ್ತದೆ, ಇನ್ನೊಂದು ವಾರ ಇಳಿಯುತ್ತದೆ. ಹಂಗಾಮು, ಹವೆ, ಬೇಡಿಕೆ, ರಜೆ ಏನಾದರೂ ಕಾರಣವಿರಬಹುದು. ಅನ್ಯಾಯವೂ ಇರಬಹುದು. ಮನಸ್ಸಿನಲ್ಲೇ ಕೊರಗಿ ಕೆಲಸ ಬಿಡಬೇಡಿ, ನಿಮ್ಮ ಸಂಘದವರನ್ನು ಹೋಗಿ ಕೇಳಿ. ಹಾಗೆಯೇ ಪಕ್ಕದಲ್ಲಿ ನಿಂತವರ ಗಂಟೆ ಏಕೆ ಕಡಿಮೆಯಾಯಿತೆಂದೂ ಕೇಳಿ. ಅದು ನಿಮಗಾಗಿಯೇ ಆಗಿರಬಹುದು.